ಹಲ್ಲಿನ ತೊಂದರೆಯೋ, ದವಡೆಯ ತೊಂದರೆಯೋ? ಓದುಗರ ಪ್ರಶ್ನೆಗಳಿಗೆ ವಕ್ರದಂತ ತಜ್ಞರ ಉತ್ತರ

ಮಕ್ಕಳ ಹಲ್ಲು ಮತ್ತು ದವಡೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ ಮಾತು: ಈಗಲೇ ಚಿಕಿತ್ಸೆ ಶುರು ಮಾಡಬೇಕೇ, ಇನ್ನೂ ಕಾಯಬಹುದೇ? ವಯಸ್ಸೊಂದನ್ನೇ ನೋಡಿ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ತೊಂದರೆ ಇರುವುದು ಹಲ್ಲಿನ ಸಾಲಿನಲ್ಲೋ ದವಡೆಯ ಮೂಳೆಯಲ್ಲೋ, ಮಗುವಿನ ಬೆಳವಣಿಗೆ ಇನ್ನೆಷ್ಟು ಬಾಕಿಯಿದೆ ಎಂಬ ಎರಡು ಸಂಗತಿಗಳು ಖಚಿತವಾದ ಮೇಲೆ ಮಾತ್ರ ಕಾಯುವುದು ಒಳ್ಳೆಯದೋ ಅಲ್ಲವೋ ಎಂದು ಹೇಳಬಹುದು. ಕೆಳಗಿನ ಉತ್ತರಗಳನ್ನು ಆ ಎರಡು ಸಂಗತಿಗಳನ್ನು ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಏಳೂವರೆ ವರ್ಷ. ಮೇಲಿನ ಎರಡು ಬಾಚಿಹಲ್ಲುಗಳು ಹೊಸದಾಗಿ ಬಂದಿವೆ. ನಡುವೆ ಸಂದು ಬಿಟ್ಟಿದೆ, ಎರಡೂ ಆಚೀಚೆ ವಾಲಿವೆ. ನೆಂಟರು ಬೇಗ ಕ್ಲಿಪ್ ಹಾಕಿಸಿ ಎನ್ನುತ್ತಾರೆ. ಹಾಲುಹಲ್ಲೆಲ್ಲ ಬೀಳುವ ತನಕ ಯಾವ ಡಾಕ್ಟರ ಹತ್ತಿರವೂ ಹೋಗುವ ಅಗತ್ಯವಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ

ಉತ್ತರ: ಆ ಸಂದಿನ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ. ಮೇಲಿನ ಕೋರೆಹಲ್ಲುಗಳು ಇನ್ನೂ ಮೂಳೆಯೊಳಗೆ, ಬಹಳ ಎತ್ತರದಲ್ಲಿವೆ. ಅವು ಕೆಳಗಿಳಿದು ಬರುವ ವರ್ಷಗಳಲ್ಲಿ ಪಕ್ಕದ ಬಾಚಿಹಲ್ಲುಗಳ ಬೇರನ್ನು ಒಳಕ್ಕೆ ಒತ್ತುವುದರಿಂದ, ಹಲ್ಲಿನ ತುದಿಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಅಗಲಿಸಿಕೊಳ್ಳುತ್ತವೆ. ಹನ್ನೊಂದು–ಹನ್ನೆರಡನೆಯ ವಯಸ್ಸಿಗೆ ಕೋರೆಹಲ್ಲುಗಳು ಬಾಯಿಗೆ ಬಂದಾಗ, 2 ಮಿಲಿಮೀಟರಿನ ಒಳಗಿನ ಸಂದು ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದೆ. ಅವಸರಪಟ್ಟು ಈಗಲೇ ತಂತಿ ಕಟ್ಟಿ ಹಲ್ಲುಗಳನ್ನು ನೆಟ್ಟಗೆ ಮಾಡಲು ಹೊರಟರೆ, ಆ ಬೇರುಗಳು ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೇ ಅಡ್ಡ ಬಂದು ಸವೆಯುವ ಅಪಾಯವಿದೆ.

ಹಾಗೆಂದು ಎಲ್ಲ ಹಾಲುಹಲ್ಲು ಬೀಳಲಿ ಎಂದು ಕಾಯುವುದನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದ ವಕ್ರದಂತ ತಜ್ಞರ ಸಂಘ ಮೊದಲ ತಪಾಸಣೆಯನ್ನು ಏಳನೆಯ ವರ್ಷ ತುಂಬುವುದರೊಳಗೆ ಮಾಡಿಸುವಂತೆ ಸಲಹೆ ನೀಡಿದೆ. ಅದಕ್ಕೆ ಕಾರಣವಿದೆ. ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದುಗಡೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲುಗಳು ಹುಟ್ಟುತ್ತವೆ. ಅವೂ ಮುಂದಿನ ಬಾಚಿಹಲ್ಲುಗಳೂ ಬಂದ ಮೇಲೆ ಮೇಲ್ದವಡೆ ಕೆಳದವಡೆಗಳ ಹೊಂದಾಣಿಕೆ ಹೇಗಿದೆ ಎಂದು ಮೊದಲ ಸಲ ಸ್ಪಷ್ಟವಾಗಿ ಓದಬಹುದು. ತಪಾಸಣೆ ಎಂದರೆ ಚಿಕಿತ್ಸೆ ಎಂದೇನೂ ಅಲ್ಲ. ಏಳು ವರ್ಷದ ಹೆಚ್ಚಿನ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆತನ್ನಿ ಎಂದು ಹೇಳಿ ಕಳುಹಿಸುತ್ತೇವೆ. ಕೆಳಗಿನ ಹಲ್ಲುಗಳು ಮೇಲಿನವುಗಳಿಗಿಂತ ಮುಂದೆ ಕೂರುವುದು, ಬಾಯಿ ಮುಚ್ಚುವಾಗ ಗದ್ದ ಒಂದು ಪಕ್ಕಕ್ಕೆ ಜರುಗುವುದು, ಮೇಲಿನ ಬಾಚಿಹಲ್ಲುಗಳು ಕೆಳತುಟಿಯ ಮೇಲೆ ಒರಗುವಷ್ಟು ಮುಂದೆ ಚಾಚಿರುವುದು – ಈ ಮೂರರಲ್ಲಿ ಯಾವುದು ಕಂಡರೂ ಮುಂದಿನ ವರ್ಷಕ್ಕೆ ಎಂದು ತಳ್ಳಬಾರದು.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಹುಳುಕಾದ ಹಾಲಿನ ದವಡೆಹಲ್ಲನ್ನು ಹೇಗಿದ್ದರೂ ಬೀಳುವುದೇ ತಾನೆ ಎಂದು ಕೀಳಿಸಿಬಿಡಬೇಡಿ. ಕೊನೆಯ ಹಾಲಿನ ದವಡೆಹಲ್ಲು ತನ್ನ ಜಾಗಕ್ಕೆ ಬರುವ ಶಾಶ್ವತ ಹಲ್ಲಿಗಿಂತ ಅಗಲವಾಗಿರುತ್ತದೆ. ಅದು ಸಕಾಲದಲ್ಲಿ ಬಿದ್ದರೆ ಕೆಳದವಡೆಯ ಒಂದೊಂದು ಪಕ್ಕದಲ್ಲಿ ಸುಮಾರು 2 ಮಿಲಿಮೀಟರ್ ಜಾಗ ಉಳಿಯುತ್ತದೆ, ಮುಂದಿನ ಹಲ್ಲುಗಳ ಇಕ್ಕಟ್ಟು ಎಷ್ಟೋ ಸಲ ಆ ಜಾಗದಲ್ಲೇ ಬಗೆಹರಿಯುತ್ತದೆ. ಬೇಗ ಕಿತ್ತರೆ ಹಿಂದಿನ ಶಾಶ್ವತ ದವಡೆಹಲ್ಲು ಮುಂದಕ್ಕೆ ಸರಿದು ಆ ಜಾಗವನ್ನು ನುಂಗುತ್ತದೆ. ಕೀಳಲೇಬೇಕಾಗಿ ಬಂದರೆ ಜಾಗ ಹಿಡಿದಿಡುವ ಚಿಕ್ಕ ಬಳೆಯಂಥ ಸಾಧನವನ್ನು ಕೂರಿಸಲು ಕೇಳಿ.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಉಬ್ಬುಹಲ್ಲು. ಅದು ಯಾರ ಕಣ್ಣಿಗಾದರೂ ಕಾಣುತ್ತದೆ. ಆದರೂ ಡಾಕ್ಟರು ಬಾಯಿಯ ಅಚ್ಚು, ಏಳೆಂಟು ಫೋಟೊ, ಎರಡು ಎಕ್ಸ್‌ರೇ ಎಲ್ಲ ತೆಗೆಸಿದರು. ಇಷ್ಟೆಲ್ಲ ಬೇಕಿತ್ತೇ?
– ಒಬ್ಬ ತಂದೆ

ಉತ್ತರ: ಬೇಕಿತ್ತು. ಹಲ್ಲು ಉಬ್ಬಿದೆ ಎನ್ನುವುದು ಕಾಣುವ ಲಕ್ಷಣವಷ್ಟೇ, ಅದರ ಕಾರಣ ಕಾಣುವುದಿಲ್ಲ. ಒಬ್ಬ ಹುಡುಗನಲ್ಲಿ ಮೇಲ್ದವಡೆಯೇ ಮುಂದೆ ಬೆಳೆದಿರಬಹುದು. ಇನ್ನೊಬ್ಬನಲ್ಲಿ ಮೇಲ್ದವಡೆ ಸರಿಯಾಗಿದ್ದು ಕೆಳದವಡೆ ಹಿಂದೆ ಉಳಿದಿರಬಹುದು. ಮೂರನೆಯವನಲ್ಲಿ ಎರಡು ದವಡೆಗಳೂ ಸರಿಯಾಗಿದ್ದು, ಬೆರಳು ಚೀಪಿದ್ದರಿಂದ ಹಲ್ಲು ಮಾತ್ರ ಮುಂದಕ್ಕೆ ವಾಲಿರಬಹುದು. ಕನ್ನಡಿಯಲ್ಲಿ ಈ ಮೂವರ ನಗು ಒಂದೇ ರೀತಿ ಕಂಡರೂ ಮೂವರ ಚಿಕಿತ್ಸೆ ಬೇರೆಬೇರೆ. ನನ್ನ ಅನುಭವದಲ್ಲಿ ಕೆಳದವಡೆ ಹಿಂದೆ ಉಳಿದವರೇ ಹೆಚ್ಚು, ಆದರೆ ಮನೆಯವರ ದೂರು ಮಾತ್ರ ಯಾವಾಗಲೂ ಮೇಲಿನ ಹಲ್ಲಿನ ಮೇಲೆಯೇ ಇರುತ್ತದೆ.

ನಾವು ಪರೀಕ್ಷೆ ಆರಂಭಿಸುವುದು ಬಾಯಿ ತೆರೆಸಿ ಅಲ್ಲ. ಮಗು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಬೇರೆಲ್ಲೋ ನೋಡುತ್ತಿರುವಾಗ ಅದರ ಮುಖವನ್ನು ಪಕ್ಕದಿಂದ ನೋಡುತ್ತೇವೆ. ತುಟಿಗಳು ತಾವಾಗಿ ಮುಚ್ಚುತ್ತವೆಯೋ, ಮುಚ್ಚಲು ಗದ್ದದ ಚರ್ಮ ಸುಕ್ಕುಗಟ್ಟುವಷ್ಟು ಬಲ ಹಾಕಬೇಕೋ? ಮೂಗಿನಲ್ಲಿ ಉಸಿರಾಡುತ್ತಾನೋ, ಬಾಯಿ ತೆರೆದುಕೊಂಡೇ ಇರುತ್ತಾನೋ? ಕೆಳತುಟಿ ಮೇಲಿನ ಹಲ್ಲಿನ ಹಿಂದೆ ಸಿಕ್ಕಿಕೊಂಡಿದೆಯೋ? ಈ ಐದು ನಿಮಿಷದ ನೋಟದಿಂದ ಅರ್ಧ ರೋಗನಿರ್ಣಯ ಆಗಿಹೋಗಿರುತ್ತದೆ.

ಅಚ್ಚಿನಿಂದ ಮಾಡಿದ ಮಾದರಿಯನ್ನು ಕೈಯಲ್ಲಿ ಹಿಡಿದು, ನಾಲಗೆಯ ಕಡೆಯಿಂದಲೂ ನೋಡಬಹುದು. ಜೀವಂತ ಬಾಯಿಯಲ್ಲಿ ಅದು ಸಾಧ್ಯವಿಲ್ಲ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ರೂಪಿಸಿದ ವರ್ಗೀಕರಣ ಇಂದಿಗೂ ನಮ್ಮ ದಿನನಿತ್ಯದ ಭಾಷೆ. ಮೇಲಿನ ಮೊದಲ ಶಾಶ್ವತ ದವಡೆಹಲ್ಲಿನ ಕೆನ್ನೆಯ ಕಡೆಯ ಮುಂದಿನ ಮೊನೆಯು ಕೆಳಗಿನ ದವಡೆಹಲ್ಲಿನ ಗೀರಿನಲ್ಲಿ ಸರಿಯಾಗಿ ಕೂತರೆ ಒಂದನೆಯ ವರ್ಗ. ಕೆಳಗಿನ ಹಲ್ಲು ಹಿಂದೆ ಉಳಿದರೆ ಎರಡನೆಯದು. ಮುಂದೆ ಹೋದರೆ ಮೂರನೆಯದು. ಆದರೆ ಇದು ಹಲ್ಲುಗಳ ಸಂಬಂಧವನ್ನು ಹೇಳುತ್ತದೆಯೇ ಹೊರತು ಅವು ನೆಟ್ಟಿರುವ ಮೂಳೆಯ ಸಂಬಂಧವನ್ನು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ತಲೆಯನ್ನು ನಿಶ್ಚಿತ ಭಂಗಿಯಲ್ಲಿ ಹಿಡಿದಿಟ್ಟು ಪಕ್ಕದಿಂದ ತೆಗೆಯುವ ಸೆಫಲೋಗ್ರಾಂ ಎಂಬ ಎಕ್ಸ್‌ರೇ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದರು. ಮೂಗಿನ ಬುಡದ ಒಂದು ಬಿಂದುವಿನಿಂದ ಎರಡೂ ದವಡೆಗಳ ಮುಂಭಾಗದ ಬಿಂದುಗಳಿಗೆ ಗೆರೆ ಎಳೆದರೆ ನಡುವೆ ಸುಮಾರು 2 ಡಿಗ್ರಿ ಕೋನ ಬರುವುದು ವಾಡಿಕೆ. ಅದು 6–7 ಡಿಗ್ರಿ ಆಗಿದ್ದರೆ ತೊಂದರೆ ಮೂಳೆಯಲ್ಲಿಯೇ ಇರಬೇಕೆಂದು ಅನುಮಾನಿಸುತ್ತೇವೆ.

ಅದೇ ಎಕ್ಸ್‌ರೇಯ ಹಿಂದಿನ ಅಂಚಿನಲ್ಲಿ ಕತ್ತಿನ ಮೂಳೆಗಳೂ ಬಿದ್ದಿರುತ್ತವೆ. ಎರಡನೆಯ, ಮೂರನೆಯ, ನಾಲ್ಕನೆಯ ಕಶೇರುಗಳ ಕೆಳ ಅಂಚು ಚಪ್ಪಟೆಯಾಗಿದೆಯೋ, ಒಳಕ್ಕೆ ಬಾಗತೊಡಗಿದೆಯೋ ಎಂಬುದರಿಂದ ಹುಡುಗನ ಬೆಳವಣಿಗೆಯ ಜೋರು ಇನ್ನು ಬರಬೇಕೋ, ನಡೆಯುತ್ತಿದೆಯೋ, ಮುಗಿದಿದೆಯೋ ಎಂದು ಅಂದಾಜಿಸುತ್ತೇವೆ. ಇನ್ನೊಂದು ಎಕ್ಸ್‌ರೇ ಎಲ್ಲ ಹಲ್ಲುಗಳನ್ನೂ ಒಟ್ಟಿಗೆ ತೋರಿಸುವ ಓಪಿಜಿ. ಹುಟ್ಟದೇ ಇರುವ ಹಲ್ಲು, ಹೆಚ್ಚುವರಿ ಹಲ್ಲು, ದಾರಿ ತಪ್ಪಿದ ಹಲ್ಲು ಅದರಲ್ಲಿ ಕಾಣುತ್ತವೆ. ಈ ಎರಡರ ವಿಕಿರಣ ಬಹಳ ಕಡಿಮೆ. ಆದರೆ ಕಾರಣವಿಲ್ಲದೆ ಪದೇಪದೇ ತೆಗೆಸುವುದು, ಪ್ರತಿ ಮಗುವಿಗೂ ಮೂರು ಆಯಾಮದ ಸ್ಕ್ಯಾನ್ ಬರೆದುಕೊಡುವುದು ಸರಿಯಲ್ಲ. ‘ಈ ಚಿತ್ರದಿಂದ ನಿಮ್ಮ ನಿರ್ಧಾರ ಹೇಗೆ ಬದಲಾಗುತ್ತದೆ?’ ಎಂದು ಕೇಳುವ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ.

ಪ್ರಶ್ನೆ: ನಮ್ಮ ಹುಡುಗನಿಗೆ ಹನ್ನೊಂದು. ಕೆಳದವಡೆ ಹಿಂದಿದೆ, ಮೇಲಿನ ಹಲ್ಲು 8 ಮಿಲಿಮೀಟರ್ ಮುಂದಿದೆ ಎಂದು ಅಳೆದು ಹೇಳಿದ್ದಾರೆ. ಒಬ್ಬ ಡಾಕ್ಟರು ಈಗಲೇ ಟ್ವಿನ್ ಬ್ಲಾಕ್ ಹಾಕಬೇಕು ಎಂದರು, ಇನ್ನೊಬ್ಬರು ಒಂದೆರಡು ವರ್ಷ ಬಿಟ್ಟು ಬನ್ನಿ ಎಂದರು. ನಮಗೆ ದಿಕ್ಕೇ ತೋಚುತ್ತಿಲ್ಲ.
– ಒಬ್ಬ ತಂದೆ

ಉತ್ತರ: ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲದಿರಬಹುದು. ಮೇಲಿನ ಹಲ್ಲು ಕೆಳಗಿನದಕ್ಕಿಂತ 2–3 ಮಿಲಿಮೀಟರ್ ಮುಂದಿರುವುದು ಸಹಜ, 8 ಎಂದರೆ ಚಿಕಿತ್ಸೆ ಬೇಕೇ ಬೇಕು. ಯಾವಾಗ ಎಂಬುದು ಮಾತ್ರ ಪ್ರಶ್ನೆ.

ಟ್ವಿನ್ ಬ್ಲಾಕ್ ಅನ್ನು ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದರು. ಮೇಲಿನ ಸಾಲಿಗೊಂದು ಕೆಳಗಿನ ಸಾಲಿಗೊಂದು ಅಕ್ರಿಲಿಕ್ ತಟ್ಟೆ ಇರುತ್ತದೆ. ಎರಡರಲ್ಲೂ ಓರೆಯಾದ ದಿಮ್ಮಿಗಳಿದ್ದು, ಹುಡುಗ ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ದಿಮ್ಮಿ ಮೇಲಿನದರ ಮುಂದೆ ಜಾರಿ ಕೂತು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಊಟ, ನಿದ್ದೆ, ಶಾಲೆ ಎಲ್ಲ ಹೊತ್ತಿನಲ್ಲೂ ಹಾಕಿಕೊಂಡಿದ್ದರೆ ಒಂದು ವರ್ಷದ ಒಳಗೆ ಹಲ್ಲಿನ ಅಂತರ ಗಣನೀಯವಾಗಿ ಇಳಿಯುತ್ತದೆ. ಡಬ್ಬಿಯಲ್ಲಿಟ್ಟರೆ ಅದರಿಂದ ಏನೂ ಆಗದು.

ಇದು ಕೆಳದವಡೆಯನ್ನು ಬೆಳೆಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಇದುವರೆಗಿನ ಒಳ್ಳೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಸಿಗುವ ಸುಧಾರಣೆಯಲ್ಲಿ ದೊಡ್ಡ ಪಾಲು ಹಲ್ಲುಗಳು ವಾಲಿ ಸರಿಹೊಂದಿದ್ದರಿಂದ ಬಂದದ್ದು, ಮೂಳೆಯ ಪಾಲು ಚಿಕ್ಕದು. ಆ ಚಿಕ್ಕ ಪಾಲು ದಕ್ಕುವುದೂ ಬೆಳವಣಿಗೆಯ ಜೋರಿನ ಸಮಯದಲ್ಲಿಯೇ. ಹುಡುಗಿಯರಲ್ಲಿ ಅದು ಸಾಮಾನ್ಯವಾಗಿ 10–12ರ ನಡುವೆ, ಹುಡುಗರಲ್ಲಿ ಸುಮಾರು ಎರಡು ವರ್ಷ ತಡವಾಗಿ ಬರುತ್ತದೆ. ಎಂಟು–ಒಂಬತ್ತರಲ್ಲಿ ಒಮ್ಮೆ, ಹದಿಹರೆಯದಲ್ಲಿ ಇನ್ನೊಮ್ಮೆ ಎಂದು ಎರಡು ಕಂತಿನಲ್ಲಿ ಚಿಕಿತ್ಸೆ ಪಡೆದ ಮಕ್ಕಳನ್ನೂ ಹದಿಹರೆಯದಲ್ಲಿ ಒಂದೇ ಸಲ ಪಡೆದವರನ್ನೂ ಹೋಲಿಸಿದಾಗ ಕೊನೆಯ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ವ್ಯತ್ಯಾಸ ಮಾತ್ರ ಕಂಡಿತು: ಬೇಗ ಚಿಕಿತ್ಸೆ ಪಡೆದವರಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡವರು ಕಡಿಮೆ.

ಆದ್ದರಿಂದ ನಿಮ್ಮ ಹುಡುಗನನ್ನೇ ನೋಡಿ. ಈ ಒಂದು ವರ್ಷದಲ್ಲಿ ಎತ್ತರ ದಿಢೀರನೆ ಏರಿದೆಯೇ, ಧ್ವನಿ ಒಡೆಯತೊಡಗಿದೆಯೇ? ಕತ್ತಿನ ಮೂಳೆಗಳು ಏನು ಹೇಳುತ್ತವೆ? ಬೆಳವಣಿಗೆಯ ಜೋರು ಶುರುವಾಗಿದ್ದರೆ ಮೊದಲನೆಯ ವೈದ್ಯರ ಮಾತು ಸರಿ. ಇನ್ನೂ ಆಗಿಲ್ಲವಾದರೆ ಆರು ತಿಂಗಳಿಗೊಮ್ಮೆ ಎತ್ತರ ಬರೆದಿಡುತ್ತ ಕಾಯಬಹುದು. ಆದರೆ ಅವನು ಓಡಾಟದ ಆಟಗಳನ್ನು ಆಡುವವನಾದರೆ, ಹಲ್ಲಿನ ಕಾರಣಕ್ಕೆ ಸಹಪಾಠಿಗಳ ಹಂಗಿಸುವಿಕೆಗೆ ಸಿಕ್ಕು ನಗುವುದನ್ನೇ ಬಿಟ್ಟಿದ್ದರೆ, ಕಾಯಿಸಬೇಡಿ. ಮಗುವಿನ ಆ ನೋವನ್ನೂ ರೋಗನಿರ್ಣಯದ ಭಾಗವೆಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಪ್ರಶ್ನೆ: ಎಂಟು ವರ್ಷದ ಮೊಮ್ಮಗಳ ಕೆಳಹಲ್ಲು ಮೇಲಿನ ಹಲ್ಲಿಗಿಂತ ಮುಂದಿದೆ. ನನಗೂ ನನ್ನ ತಮ್ಮನಿಗೂ ಗದ್ದ ಮುಂದೆಯೇ ಇದೆ, ನಮ್ಮ ವಂಶದ ಮುಖವೇ ಹೀಗೆ. ದೊಡ್ಡವಳಾದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದೇವೆ.
– ಒಬ್ಬ ಅಜ್ಜ

ಉತ್ತರ: ದಯವಿಟ್ಟು ದೊಡ್ಡವಳಾಗುವ ತನಕ ಬಿಡಬೇಡಿ. ಇಂದಿನ ಪತ್ರಗಳಲ್ಲಿ ನನಗೆ ಅತಿ ತುರ್ತಾಗಿ ಕಂಡದ್ದು ನಿಮ್ಮದೇ. ಇದು ವಂಶದಲ್ಲಿ ಹರಿದುಬರುತ್ತದೆ ಎಂಬ ನಿಮ್ಮ ಮಾತು ನಿಜ, ಅದೇ ಕಾರಣಕ್ಕೆ ಇನ್ನಷ್ಟು ಬೇಗ ನೋಡಬೇಕು.

ಇಲ್ಲಿ ಮೊದಲು ಬೇರ್ಪಡಿಸಬೇಕಾದದ್ದು ಒಂದಿದೆ. ಮೊಮ್ಮಗಳಿಗೆ ನಾಲಗೆಯ ತುದಿಯನ್ನು ಅಂಗುಳದ ಹಿಂಭಾಗಕ್ಕೆ ಮಡಚಿ ಮುಟ್ಟಿಸಿಕೊಂಡು, ಮೆಲ್ಲಗೆ ಬಾಯಿ ಮುಚ್ಚು ಎಂದು ವೈದ್ಯರು ಹೇಳುತ್ತಾರೆ. ಹಾಗೆ ಮುಚ್ಚುವಾಗ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳು ತುದಿಗೆ ತುದಿ ತಾಗಿ ಒಂದು ಕ್ಷಣ ನಿಲ್ಲುತ್ತವೆ. ಅನಂತರ, ಹಿಂದಿನ ಹಲ್ಲುಗಳು ಕೂಡಲಿ ಎಂದು ಇಡೀ ಕೆಳದವಡೆ ಮುಂದಕ್ಕೆ ಜಾರುತ್ತದೆ. ಹೀಗೆ ಜಾರುವುದು ಕಂಡರೆ ತೊಂದರೆಯ ದೊಡ್ಡ ಪಾಲು ಹಲ್ಲಿನ ಅಡ್ಡಿಯಿಂದ ಬಂದದ್ದು. ಮೇಲಿನ ಒಂದೆರಡು ಹಲ್ಲನ್ನು ಮುಂದೆ ತಳ್ಳುವ ಸರಳ ತಟ್ಟೆಯಿಂದ ಕೆಲವೇ ತಿಂಗಳಲ್ಲಿ ಸರಿಹೋಗಬಹುದು. ಜಾರದೆ ನೇರವಾಗಿ ಮುಂದೆಯೇ ಕೂತರೆ ಮೂಳೆಯ ತೊಂದರೆ.

ಮೂಳೆಯ ತೊಂದರೆಯಲ್ಲೂ ಕೆಳದವಡೆ ದೊಡ್ಡದಾಗಿರುವುದೇ ಕಾರಣವೆಂದು ತಿಳಿಯಬೇಕಿಲ್ಲ. ಎಷ್ಟೋ ಮಕ್ಕಳಲ್ಲಿ ಮೇಲ್ದವಡೆ ಹಿಂದೆ ಉಳಿದಿರುತ್ತದೆ. ಅಂಥವರಿಗೆ ಹಣೆ ಮತ್ತು ಗದ್ದದ ಆಸರೆ ಪಡೆದ ಫೇಸ್‌ಮಾಸ್ಕ್ ಎಂಬ ಚೌಕಟ್ಟಿನಿಂದ, ರಬ್ಬರ್ ಬ್ಯಾಂಡುಗಳ ಮೂಲಕ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುತ್ತೇವೆ. ದಿನಕ್ಕೆ 12–14 ಗಂಟೆ, ಎಂದರೆ ಸಂಜೆಯಿಂದ ಬೆಳಗಿನವರೆಗೆ ಹಾಕಿಕೊಂಡರೆ ಸಾಕು, ಶಾಲೆಗೆ ಹಾಕಿಕೊಂಡು ಹೋಗಬೇಕಿಲ್ಲ. ಮೇಲ್ದವಡೆಯ ಮೂಳೆಗಳ ಹೊಲಿಗೆಗಳು ಮೃದುವಾಗಿರುವಾಗ, ಹತ್ತು ವರ್ಷದ ಒಳಗೆ, ಇದು ಚೆನ್ನಾಗಿ ಫಲಿಸುತ್ತದೆ. ನಿಮ್ಮ ಮೊಮ್ಮಗಳಿಗೆ ಉಳಿದಿರುವುದು ಈ ಎರಡು ವರ್ಷ.

ಒಂದು ವಿಷಯವನ್ನು ಮುಚ್ಚಿಡಬಾರದು. ಕೆಳದವಡೆ ಹದಿಹರೆಯದ ಕೊನೆಯವರೆಗೂ ಬೆಳೆಯುತ್ತಿರುತ್ತದೆ, ಹಾಗಾಗಿ ಈಗ ಸರಿಹೋದದ್ದು ಮತ್ತೆ ತಿರುಗಬಹುದು. ಕೆಲವರಿಗೆ ಬೆಳವಣಿಗೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದರೂ ಈಗ ಮಾಡಿದ ಚಿಕಿತ್ಸೆ ಎಷ್ಟೋ ಮಕ್ಕಳನ್ನು ಆ ಶಸ್ತ್ರಚಿಕಿತ್ಸೆಯಿಂದ ಪಾರುಮಾಡಿದೆ. ನಿಮ್ಮ ಮತ್ತು ನಿಮ್ಮ ತಮ್ಮನವರ ಹಳೆಯ ಫೋಟೊಗಳಿದ್ದರೆ ಮೊಮ್ಮಗಳ ಜೊತೆ ಅವನ್ನೂ ಒಯ್ಯಿರಿ, ಮುಂದೆ ಏನಾಗಬಹುದೆಂಬ ಸುಳಿವು ವೈದ್ಯರಿಗೆ ಅವುಗಳಲ್ಲಿ ಸಿಗುತ್ತದೆ.

ಪ್ರಶ್ನೆ: ಮಗಳ ಅಂಗುಳಕ್ಕೆ ಸ್ಕ್ರೂ ಇರುವ ಸಾಧನ ಅಂಟಿಸಿ, ದಿನಕ್ಕೆರಡು ಸಲ ಕೀಲಿ ತಿರುಗಿಸಲು ಹೇಳಿದ್ದಾರೆ. ಒಂದು ವಾರವಾಗುವಷ್ಟರಲ್ಲಿ ಮುಂದಿನ ಎರಡು ಹಲ್ಲಿನ ನಡುವೆ ದೊಡ್ಡ ಸಂದು ಬಿದ್ದು, ನಾನು ಹೆದರಿ ತಿರುಗಿಸುವುದನ್ನು ನಿಲ್ಲಿಸಿಬಿಟ್ಟೆ. ಅವಳಿಗೆ ಹತ್ತು ವರ್ಷ.
– ಒಬ್ಬ ತಾಯಿ

ಉತ್ತರ: ನೀವು ಹೆದರಿದ ಆ ಸಂದೇ ಚಿಕಿತ್ಸೆ ಫಲಿಸುತ್ತಿದೆ ಎಂಬುದಕ್ಕೆ ಗುರುತು. ಇದನ್ನು ಮೊದಲೇ ನಿಮಗೆ ತಿಳಿಸಬೇಕಿತ್ತು.

ಅಂಗುಳ ಒಂದೇ ಮೂಳೆಯಲ್ಲ. ನಟ್ಟನಡುವೆ ಉದ್ದಕ್ಕೂ ಹೊಲಿಗೆ ಹಾಕಿದಂತೆ ಎರಡು ಅರ್ಧಗಳು ಕೂಡಿವೆ. ಮೇಲ್ದವಡೆ ಕಿರಿದಾಗಿದ್ದು ಹಿಂದಿನ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಬೀಳುತ್ತಿದ್ದರೆ, ಆ ಹೊಲಿಗೆಯನ್ನು ನಿಧಾನವಾಗಿ ಅಗಲಿಸುತ್ತೇವೆ. ಕೀಲಿಯ ಒಂದು ತಿರುವಿಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಎರಡು ಅರ್ಧಗಳು ದೂರ ಸರಿದಾಗ ಅವುಗಳಲ್ಲಿ ನೆಟ್ಟಿರುವ ಬಾಚಿಹಲ್ಲುಗಳೂ ದೂರ ಸರಿಯುತ್ತವೆ. ವಸಡಿನ ನಾರುಗಳ ಎಳೆತದಿಂದ ಆ ಸಂದು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ. ತಿರುಗಿಸುವಾಗ ಮೂಗಿನ ಬುಡದಲ್ಲಿ ಬಿಗಿದ ಹಾಗೆ ಅನ್ನಿಸುವುದೂ ಸಹಜ. ಅಮೆರಿಕದ ಎಮರ್ಸನ್ ಏಂಜೆಲ್ 1860ರಲ್ಲೇ ಹೀಗೆ ಅಂಗುಳ ಅಗಲಿಸಿದ್ದನ್ನು ಬರೆದಿದ್ದಾರೆ. ಇದು ಹೊಸ ಪ್ರಯೋಗವೇನಲ್ಲ.

ನಾಳೆಯೇ ವೈದ್ಯರಿಗೆ ಫೋನ್ ಮಾಡಿ, ಎಷ್ಟು ತಿರುವು ತಪ್ಪಿದೆ ಎಂದು ಲೆಕ್ಕ ಕೊಟ್ಟು, ಅವರು ಹೇಳಿದ ಹಾಗೆ ಮುಂದುವರಿಸಿ. ತಪ್ಪಿದ್ದನ್ನೆಲ್ಲ ಒಂದೇ ದಿನ ತಿರುಗಿಸಿ ಸರಿದೂಗಿಸಲು ಹೋಗಬೇಡಿ. ಬೇಕಾದಷ್ಟು ಅಗಲವಾದ ಮೇಲೆ ಸಾಧನವನ್ನು ಮೂರರಿಂದ ಆರು ತಿಂಗಳು ಹಾಗೆಯೇ ಬಿಡುತ್ತಾರೆ, ಆ ಹೊಲಿಗೆಯಲ್ಲಿ ಹೊಸ ಮೂಳೆ ತುಂಬಬೇಕು. ಹದಿನೈದು–ಹದಿನಾರರ ಆಚೆಗೆ ಹೊಲಿಗೆ ಬೆಸೆದುಕೊಳ್ಳುತ್ತ ಹೋಗುವುದರಿಂದ ಇದೇ ಕೆಲಸ ಬಹಳ ಕಷ್ಟವಾಗುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಮಗ ಹೆಬ್ಬೆರಳು ಚೀಪುತ್ತಾನೆ. ಮುಂದಿನ ಹಲ್ಲುಗಳು ಕೂಡುವುದೇ ಇಲ್ಲ. ಬೆರಳಿಗೆ ಕಹಿ ಹಚ್ಚಲೇ?
– ಒಬ್ಬ ತಾಯಿ

ಉತ್ತರ: ಬೇಡ. ಗದರಿಸಿ ಬಿಡಿಸಲು ಹೋದರೆ ಮಗು ಮುಚ್ಚಿಟ್ಟುಕೊಂಡು ಚೀಪುತ್ತದೆ. ಶಾಶ್ವತ ಬಾಚಿಹಲ್ಲು ಬರುವ ಮೊದಲು ಅಭ್ಯಾಸ ನಿಂತರೆ ಈ ಬಗೆಯ ತೆರಪು ಹೆಚ್ಚಾಗಿ ತಾನೇ ಮುಚ್ಚುತ್ತದೆ. ಆರು ದಾಟಿದರೂ ನಿಲ್ಲದಿದ್ದರೆ ತೋರಿಸಿ. ಬಾಯಿ ತೆರೆದು ಮಲಗುವುದು, ಗೊರಕೆ ಇದ್ದರೆ ಮೊದಲು ಮೂಗು–ಗಂಟಲಿನ ವೈದ್ಯರಲ್ಲಿ ಅಡೆನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಮೆತ್ತನೆಯ ಗಡ್ಡೆ) ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಬಲಗಡೆ ಕೋರೆಹಲ್ಲು ಬಂದು ಒಂದು ವರ್ಷವಾಯಿತು. ಎಡಗಡೆ ಹಾಲಿನ ಕೋರೆಹಲ್ಲು ಅಲ್ಲಾಡುತ್ತಲೂ ಇಲ್ಲ. ತಾನಾಗಿ ಬರುತ್ತದೆಂದು ಕಾಯೋಣವೇ?
– ಒಬ್ಬ ತಂದೆ

ಉತ್ತರ: ಒಂದು ಕಡೆ ಬಂದು ಇನ್ನೊಂದು ಕಡೆ ಆರು ತಿಂಗಳಾದರೂ ಬಾರದಿದ್ದರೆ ಕಾಯಬಾರದು. ಹತ್ತು–ಹನ್ನೊಂದರ ವಯಸ್ಸಿನಲ್ಲಿ ಹಾಲಿನ ಕೋರೆಹಲ್ಲಿನ ಮೇಲ್ಗಡೆ, ತುಟಿಯ ಒಳಗೆ ಬೆರಳಾಡಿಸಿದರೆ ಒಂದು ಗಟ್ಟಿ ಉಬ್ಬು ಸಿಗಬೇಕು. ಅದು ಸಿಗದಿದ್ದರೆ ಹಲ್ಲು ಅಂಗುಳದ ಕಡೆಗೆ ದಾರಿ ತಪ್ಪಿರಬಹುದು. ಸುಮಾರು ನೂರರಲ್ಲಿ ಇಬ್ಬರಿಗೆ ಹೀಗಾಗುತ್ತದೆ. ದಾರಿ ತಪ್ಪಿದ ಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನು ಯಾವ ನೋವೂ ಇಲ್ಲದೆ ತಿಂದುಹಾಕಬಲ್ಲದು, ನನಗೆ ಭಯವಿರುವುದು ಅದಕ್ಕೇ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರಿಂದ ಹದಿಮೂರು ವರ್ಷದ ಮಕ್ಕಳ ಹಾಲಿನ ಕೋರೆಹಲ್ಲನ್ನು ಕಿತ್ತದ್ದರಿಂದಲೇ ಅಂಗುಳದ ಕಡೆ ಹೊರಳಿದ್ದ ಹಲ್ಲುಗಳಲ್ಲಿ 78%ರಷ್ಟು ಸರಿದಾರಿಗೆ ಬಂದವು. ಈ ಸುಲಭದ ಉಪಾಯಕ್ಕೆ ನಿಮ್ಮ ಮಗಳ ವಯಸ್ಸು ಇನ್ನೂ ಮೀರಿಲ್ಲ. ಹದಿನಾರಕ್ಕೆ ಬಂದರೆ ವಸಡು ಕತ್ತರಿಸಿ, ಹಲ್ಲಿಗೆ ಸರಪಳಿ ಅಂಟಿಸಿ ತಿಂಗಳುಗಟ್ಟಲೆ ಎಳೆಯಬೇಕಾಗುತ್ತದೆ.

ಪ್ರಶ್ನೆ: ಡಾಕ್ಟರೇ, ನನಗೆ ಹದಿನೈದು ವರ್ಷ. ಹಲ್ಲು ತುಂಬ ಇಕ್ಕಟ್ಟಾಗಿವೆ. ನಾಲ್ಕು ಒಳ್ಳೆಯ ಹಲ್ಲು ಕಿತ್ತು ಬ್ರೇಸಸ್ ಹಾಕಬೇಕಂತೆ. ಕಿತ್ತರೆ ಮುಖ ಒಳಗೆ ಹೋಗುತ್ತದೆ ಎಂದು ಗೆಳೆಯರು ಹೆದರಿಸಿದ್ದಾರೆ. ಅಲೈನರ್ ಹಾಕಿದರೆ ಕೀಳುವುದು ತಪ್ಪುತ್ತದೆಯೇ? ತುಂಬ ನೋಯುತ್ತದೆಯೇ?
– ಹತ್ತನೆಯ ತರಗತಿಯ ವಿದ್ಯಾರ್ಥಿ

ಉತ್ತರ: ನೀನೇ ಪತ್ರ ಬರೆದದ್ದು ನನಗೆ ಸಂತೋಷ, ತಮ್ಮಾ. ಬಾಯಿ ನಿನ್ನದು, ಪ್ರಶ್ನೆಯನ್ನೂ ನೀನೇ ಕೇಳಬೇಕು.

ಕೀಳಬೇಕೋ ಬೇಡವೋ ಎಂಬುದು ಲೆಕ್ಕದಿಂದ ಶುರುವಾಗುತ್ತದೆ. ಹಲ್ಲುಗಳ ಒಟ್ಟು ಅಗಲಕ್ಕೆ ದವಡೆಯ ಕಮಾನಿನಲ್ಲಿ ಎಷ್ಟು ಮಿಲಿಮೀಟರ್ ಜಾಗ ಸಾಲದು ಎಂದು ಅಳೆಯುತ್ತಾರೆ. ಕೊರತೆ 4 ಮಿಲಿಮೀಟರಿನೊಳಗೆ ಇದ್ದರೆ ಕೀಳುವುದು ಅಪರೂಪ. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೀಳದೆ ಮಾಡುವುದು ಕಷ್ಟ. ನಡುವಿನವರಲ್ಲಿ ತುಟಿ ಮತ್ತು ಮುಖ ನೋಡಿ ತೀರ್ಮಾನಿಸಬೇಕು. ನಿನ್ನ ತುಟಿಗಳು ಈಗಾಗಲೇ ಮುಂದೆ ಉಬ್ಬಿದ್ದು ಮುಚ್ಚಲು ಕಷ್ಟಪಡುತ್ತಿದ್ದರೆ, ಕಿತ್ತ ಮೇಲೆ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ. ತುಟಿ ತೆಳುವಾಗಿ ಒಳಗಿದ್ದು ಇಕ್ಕಟ್ಟು ಸ್ವಲ್ಪವೇ ಇದ್ದರೆ ನಾಲ್ಕು ಹಲ್ಲು ಕೀಳುವುದನ್ನು ನಾನೂ ಒಪ್ಪುವುದಿಲ್ಲ. ವೈದ್ಯರಲ್ಲಿ ಎರಡು ಪ್ರಶ್ನೆ ಕೇಳು: ನನಗೆ ಕೊರತೆ ಎಷ್ಟು ಮಿಲಿಮೀಟರ್? ಕೊನೆಯಲ್ಲಿ ನನ್ನ ತುಟಿ ಎಲ್ಲಿ ನಿಲ್ಲುತ್ತದೆ? ಅಲೈನರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಕವಚ ಹಲ್ಲನ್ನು ಸರಿಸುವ ಒಂದು ಸಾಧನ ಮಾತ್ರ. ಜಾಗ ಇಲ್ಲದ ಕಡೆ ಅದೂ ಜಾಗವನ್ನು ಸೃಷ್ಟಿಸಲಾರದು. ದಿನಕ್ಕೆ 20–22 ಗಂಟೆ ಹಾಕಿಕೊಳ್ಳುವ ಶಿಸ್ತು ಬೇರೆ ಬೇಕು.

ನೋವಿನ ಬಗ್ಗೆ ಹೇಳುತ್ತೇನೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ತೆಳುವಾದ ನಾರಿನ ಪದರವಿದೆ. ತಂತಿ ಒತ್ತಿದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು, ಎಳೆದ ಕಡೆ ಮೂಳೆ ಕಟ್ಟುವ ಜೀವಕೋಶಗಳು ಕೆಲಸಕ್ಕಿಳಿಯುತ್ತವೆ; ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಚಲಿಸುತ್ತದೆ. ಬಲ ಹೆಚ್ಚಿಸಿದರೆ ಬೇಗ ಆಗುವುದಿಲ್ಲ. ಆ ಪದರಕ್ಕೆ ರಕ್ತ ಹರಿಯುವುದು ನಿಂತು ಹಲ್ಲು ನಿಂತಲ್ಲೇ ನಿಲ್ಲುತ್ತದೆ. ತಂತಿ ಹಾಕಿದ ಕೆಲವು ಗಂಟೆಗಳಲ್ಲಿ ನೋವು ಶುರುವಾಗಿ ಮಾರನೆಯ ದಿನ ಹೆಚ್ಚಿ, ವಾರದೊಳಗೆ ಇಳಿದುಹೋಗುತ್ತದೆ. ಮೆತ್ತನೆಯ ಊಟ ಮಾಡು.

ನನಗೆ ಹೆಚ್ಚು ಕಾಳಜಿ ಇರುವುದು ನಿನ್ನ ಬ್ರಷ್‌ನ ಬಗ್ಗೆ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ಟಿನ ಸುತ್ತ ಬಿಳಿ ಕೊಳೆ ನಿಂತರೆ ಒಂದು ತಿಂಗಳಲ್ಲೇ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಕಲೆ ಏಳಬಹುದು. ಬ್ರಾಕೆಟ್ ತೆಗೆದ ದಿನ ನೇರವಾದ ಹಲ್ಲಿನ ಮೇಲೆ ಚೌಕ ಚೌಕವಾಗಿ ಆ ಕಲೆಗಳನ್ನು ಕಂಡು ಅತ್ತ ಮಕ್ಕಳನ್ನು ನೋಡಿದ್ದೇನೆ. ತಂತಿಯ ಮೇಲ್ಗಡೆ ಒಮ್ಮೆ, ಕೆಳಗಡೆ ಒಮ್ಮೆ, ಫ್ಲೋರೈಡ್ ಇರುವ ಪೇಸ್ಟಿನಿಂದ ತಿಕ್ಕು.

ಪ್ರಶ್ನೆ: ಎರಡು ವರ್ಷದ ಹಿಂದೆ ಬ್ರೇಸಸ್ ತೆಗೆಸಿದ್ದೆ. ರಿಟೇನರ್ ಕಳೆದುಹೋಯಿತು. ಈಗ ಕೆಳಗಿನ ಮುಂದಿನ ಹಲ್ಲುಗಳು ಮತ್ತೆ ಒಂದರ ಮೇಲೊಂದು ಹತ್ತುತ್ತಿವೆ. ಬುದ್ಧಿಹಲ್ಲು ತಳ್ಳುತ್ತಿದೆಯೇ?
– ಹತ್ತೊಂಬತ್ತರ ಯುವತಿ

ಉತ್ತರ: ಬುದ್ಧಿಹಲ್ಲಿನ ಮೇಲೆ ಈ ಆರೋಪ ಬಹಳ ಹಳೆಯದು. ಅದು ಹುಟ್ಟಲೇ ಇಲ್ಲದವರಲ್ಲೂ ಮುಂದಿನ ಹಲ್ಲುಗಳು ಇಕ್ಕಟ್ಟಾಗುತ್ತವೆ. ಇಕ್ಕಟ್ಟು ತಪ್ಪಿಸಲೆಂದೇ ಅದನ್ನು ಕೀಳಿಸುವುದಕ್ಕೆ ಆಧಾರವಿಲ್ಲ. ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಅನಂತರವೂ ವಯಸ್ಸಿನೊಂದಿಗೆ ಹಲ್ಲುಗಳು ಸ್ವಲ್ಪ ಸ್ವಲ್ಪ ಸರಿಯುತ್ತಲೇ ಇರುತ್ತವೆ. ಸರಿಹೋದ ಹಲ್ಲುಗಳನ್ನು ಅಲ್ಲೇ ಹಿಡಿದಿಡುವ ರಾತ್ರಿ ಹೊತ್ತಿನ ರಿಟೇನರ್ ಅನ್ನು ವರ್ಷಗಟ್ಟಲೆ ಹಾಕಿಕೊಳ್ಳಿ ಎಂದು ಹೇಳುವುದು ಅದಕ್ಕೇ. ಈ ವಾರವೇ ತೋರಿಸಿ. ಸರಿದದ್ದು ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಚಿಕ್ಕ ಚಿಕಿತ್ಸೆಯಲ್ಲೇ ಮುಗಿಯುತ್ತದೆ.

ಪ್ರಶ್ನೆ: ಹದಿನೇಳು ವರ್ಷದ ಮಗಳ ಗದ್ದ ನಿಧಾನವಾಗಿ ಎಡಕ್ಕೆ ವಾಲುತ್ತಿದೆ. ಬ್ರೇಸಸ್‌ನಿಂದ ಸರಿಯಾಗುವುದಿಲ್ಲ, ದವಡೆಯ ಆಪರೇಷನ್ ಬೇಕಾಗಬಹುದು ಎಂದಿದ್ದಾರೆ. ಮದುವೆಯ ವಯಸ್ಸಿಗೆ ಮೊದಲು ಬೇಗ ಮಾಡಿಸಿಬಿಡೋಣ ಎಂದು ನಮ್ಮ ಮನೆಯವರು.
– ಒಬ್ಬ ತಾಯಿ

ಉತ್ತರ: ಬೇರೆ ಪತ್ರಗಳಿಗೆ ಬೇಗ ತೋರಿಸಿ ಎಂದೆ, ನಿಮಗೆ ಅವಸರ ಬೇಡ ಎನ್ನಬೇಕಾಗಿದೆ. ತೋರಿಸುವುದು ಈಗಲೇ, ಕತ್ತಿ ಆಡಿಸುವುದು ಬೆಳವಣಿಗೆ ನಿಂತ ಮೇಲೆ. ‘ವಾಲುತ್ತಿದೆ’ ಎಂದು ನೀವು ಬರೆದಿರುವುದು ನನಗೆ ಮುಖ್ಯವಾಗಿ ಕಂಡಿತು. ವಾಲಿ ನಿಂತಿದ್ದರೆ ಒಂದು ಬಗೆಯ ತೊಂದರೆ, ಇನ್ನೂ ವಾಲುತ್ತಲೇ ಇದ್ದರೆ ಬೇರೊಂದು. ಕಿವಿಯ ಮುಂದಿರುವ ದವಡೆಯ ಕೀಲಿನ ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚು ಬೆಳೆಯುತ್ತಿದ್ದರೆ ಗದ್ದ ಎದುರು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಇಲ್ಲವೇ ಚಿಕ್ಕಂದಿನಲ್ಲಿ ಗದ್ದ ಊರಿ ಬಿದ್ದು, ಆ ಕೀಲಿನ ಬಳಿ ಮೂಳೆ ಬಿರುಕು ಬಿಟ್ಟದ್ದು ಯಾರಿಗೂ ತಿಳಿಯದೆ ಹೋಗಿ, ಆ ಪಕ್ಕ ಬೆಳೆಯುವುದು ಕುಂಠಿತವಾಗಿ ಗದ್ದ ಅತ್ತ ಎಳೆದುಕೊಂಡಿರಬಹುದು. ಗದ್ದದ ಕೆಳಗೆ ಹೊಲಿಗೆಯ ಹಳೆಯ ಕಲೆಯೇನಾದರೂ ಇದೆಯೇ ನೋಡಿ.

ಆರು ತಿಂಗಳಿನಿಂದ ಒಂದು ವರ್ಷದ ಅಂತರದಲ್ಲಿ ತೆಗೆದ ಎರಡು ಎಕ್ಸ್‌ರೇ ಮತ್ತು ಮಾದರಿಗಳಲ್ಲಿ ಯಾವ ವ್ಯತ್ಯಾಸವೂ ಕಾಣದಿದ್ದಾಗ ಬೆಳವಣಿಗೆ ನಿಂತಿದೆ ಎನ್ನುತ್ತೇವೆ. ಕೀಲು ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಕೆಲವೊಮ್ಮೆ ಮೂಳೆಯ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಅದು ಬೆಳೆಯುತ್ತಿರುವಾಗಲೇ ದವಡೆ ಕೂರಿಸಿದರೆ ಗದ್ದ ಮತ್ತೆ ವಾಲಿ ಇನ್ನೊಂದು ಶಸ್ತ್ರಚಿಕಿತ್ಸೆಗೆ ದಾರಿಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಹಲವು ತಿಂಗಳು ಬ್ರೇಸಸ್ ಹಾಕಿ, ದವಡೆ ಹೊಸ ಜಾಗದಲ್ಲಿ ಕೂತಾಗ ಹಲ್ಲುಗಳು ಕೂಡುವಂತೆ ಅಣಿಗೊಳಿಸುತ್ತಾರೆ. ಆ ಅವಧಿಯಲ್ಲಿ ಹಲ್ಲುಗಳ ಹೊಂದಾಣಿಕೆ ಮೊದಲಿಗಿಂತ ಕೆಟ್ಟದಾಗಿ ಕಂಡರೆ ಮಗಳು ಗಾಬರಿಯಾಗದಂತೆ ಮೊದಲೇ ತಿಳಿಸಿ. ಮದುವೆಯ ದಿನಾಂಕದ ಲೆಕ್ಕವನ್ನು ಇದರೊಳಗೆ ತರಬೇಡಿ, ಈ ನಿರ್ಧಾರ ಮಗಳದಾಗಿರಲಿ.

ವೈದ್ಯರಲ್ಲಿಗೆ ಹೋಗುವಾಗ ಅವಳ ಹುಟ್ಟುಹಬ್ಬದ ಫೋಟೊಗಳನ್ನು ಆರನೆಯ ವರ್ಷದಿಂದ ಒಂದೊಂದಾಗಿ ಆರಿಸಿಕೊಂಡು ಹೋಗಿ. ಎದುರಿನಿಂದ ತೆಗೆದವೇ ಇರಲಿ, ಹಲ್ಲು ಕಾಣುವಂತೆ ನಕ್ಕವಾದರೆ ಇನ್ನೂ ಒಳ್ಳೆಯದು. ಗದ್ದ ಯಾವ ವರ್ಷದಿಂದ ಸರಿಯತೊಡಗಿತು ಎಂಬುದು ಆ ಫೋಟೊಗಳಲ್ಲಿ ಸಿಗುತ್ತದೆ.